ಚಿಲಕ ಹೊರಗಿತ್ತು

ಹಾಸ್ಟೆಲ್, ಎರಡನೇ ಮಹಡಿ
ಜುಲೈ ೪

ಅಮ್ಮಾ,

ಫೋನು ಮಾಡಿದರೆ ನೀನು ‘ಹಾಂ, ಹಾಂ, ಸರಿ’ ಅಂತ ಮೂರು ಮಾತಿನಲ್ಲಿ ಮುಗಿಸುತ್ತೀಯ. ನಿನ್ನ ಬಾಯಿಗಿಂತ ನಿನ್ನ ಪೆನ್ಸಿಲ್ಲಿಗೆ ಮಾತು ಜಾಸ್ತಿ. ಅದಕ್ಕೇ ಈ ಲಕೋಟೆ. ಒಳಗೆ ಒಂಬತ್ತು ಹಾಳೆ ಇವೆ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಹಾಗೆಯೇ ತಿದ್ದಿ ಕಳಿಸು. ಮಗಳದ್ದು ಅಂತ ದಯೆ ತೋರಿಸಬೇಡ.

ಈ ಸಲ ನಮಗೆ ಕೊಟ್ಟಿರುವ ಕೆಲಸ ವಿಚಿತ್ರವಾಗಿದೆ. ಇಲ್ಲದೇ ಇರುವ ಒಂದು ದೆವ್ವದ ಸಿನಿಮಾಕ್ಕೆ ತೊಂಬತ್ತು ಸೆಕೆಂಡಿನ ಟ್ರೇಲರ್ ಮಾಡಬೇಕು. ಅಡುಗೆ ಇಲ್ಲ, ಒಗ್ಗರಣೆಯ ವಾಸನೆ ಮಾತ್ರ, ಅಂತ ಕಿವಿ ಅಂದಳು. ಕಿವಿ ಅಂದರೆ ನಮ್ಮ ಗುಂಪಿನಲ್ಲಿ ಸೌಂಡ್ ನೋಡಿಕೊಳ್ಳುವವಳು. ಕ್ಯಾಮೆರಾದವಳು ಏಣಿ. ನೋಡಿದರೆ ಹೆಸರು ಯಾಕೆ ಅಂತ ಗೊತ್ತಾಗುತ್ತೆ. ಕಥೆ, ನಿರ್ದೇಶನ ನನ್ನದು.

ನಮ್ಮ ಎಡಿಟಿಂಗ್ ಮೇಡಂ ಎರಡೇ ನಿಯಮ ಹಾಕಿದ್ದಾರೆ. ಒಂದು, ಚಿತ್ರಕಥೆಯಲ್ಲಿ ಎಲ್ಲವೂ ಈಗ ನಡೆಯುತ್ತಿರಬೇಕು. ‘ನಡೆದಳು’ ಅಲ್ಲ, ‘ನಡೆಯುತ್ತಾಳೆ’. ನಡೆದುಹೋದದ್ದನ್ನು ಕ್ಯಾಮೆರಾ ನೋಡಲಾರದು ಅನ್ನುತ್ತಾರೆ. ಎರಡು, ಟ್ರೇಲರಿನಲ್ಲಿ ಬಾಗಿಲು ತೆಗೆಯಬಾರದು. ತೆಗೆದರೆ ಸಿನಿಮಾ ಯಾರು ನೋಡುತ್ತಾರೆ?

ನನ್ನ ಕಥೆ ಇಷ್ಟೇ. ಕತ್ತಲೆಯ ಸಣ್ಣ ಕೋಣೆಯಲ್ಲಿ ಒಂದು ಮಗು. ಮಗುವನ್ನು ತೋರಿಸುವುದೇ ಇಲ್ಲ. ನೆಲಕ್ಕೆ ಒರಗಿದ ಕ್ಯಾಮೆರಾನೇ ಮಗು. ಬಾಗಿಲ ಕೆಳಗೆ ಒಂದು ಗೆರೆ ಬೆಳಕು. ಆ ಬೆಳಕಿನಲ್ಲಿ ಎರಡು ಕಾಲುಗಳ ನೆರಳು ಬರುತ್ತೆ. ಪ್ರತಿ ಎರಡನೇ ಹೆಜ್ಜೆಗೆ ‘ಕಿರ್’ ಅಂತ, ಲೋಹ ನೆಲಕ್ಕೆ ಉಜ್ಜಿದ ಸಣ್ಣ ಸದ್ದು. ಬಂದು ನಿಲ್ಲುತ್ತೆ. ತುಂಬ ಹೊತ್ತು ನಿಲ್ಲುತ್ತೆ. ಹೋಗುತ್ತೆ. ಹೆಸರು ‘ಬಂದು ನಿಂತವರು’. ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ, ಕೂತಲ್ಲೇ ಬರೆದು ಮುಗಿಸಿದೆ.

ಸೆಪ್ಟೆಂಬರಿನಲ್ಲಿ ನಮ್ಮ ಮನೆಯ ಸ್ಟೋರ್ ರೂಮಿನಲ್ಲೇ ಶೂಟ್ ಮಾಡೋಣ ಅಂತಿದ್ದೇನೆ. ಆ ಬಾಗಿಲ ಕೆಳಗೆ ಒಳ್ಳೇ ಸಂದಿ ಇದೆ.

ನಿನ್ನ
ಕೊಂಬು


ಮನೆ
ಜುಲೈ ೧೩

ಪ್ರೀತಿಯ ಕೊಂಬು,

ಹಾಳೆಗಳನ್ನು ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ‘ಶಬ್ಧ’ ಅಲ್ಲ, ‘ಶಬ್ದ’. ಹನ್ನೊಂದು ಕಡೆ ತಪ್ಪಿದ್ದೀಯ. ಕಿವಿ ಅನ್ನುವ ಹುಡುಗಿಗಾದರೂ ಇದು ಗೊತ್ತಿರಬೇಕಿತ್ತು. ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದ ನಿನಗೆ ನಾನು ಇಟ್ಟ ಹೆಸರು ಕೊಂಬು; ನೀನು ಬರೆಯುವಾಗ ಅಕ್ಷರಕ್ಕೇ ಕೊಂಬು ಕೊಡುವುದನ್ನು ಮರೆಯುತ್ತೀಯ.

ಕಥೆಯ ಬಗ್ಗೆ ನಾನು ಹೇಳಬಾರದು, ಅದು ಕರಡು ತಿದ್ದುವವಳ ಕೆಲಸವಲ್ಲ. ಆದರೂ ನೀನು ಕೇಳಿದ್ದೀಯ. ಕಾಲುಗಳು ಬೇಡವೇನೋ ಅನ್ನಿಸಿತು. ದೆವ್ವದ ಸಿನಿಮಾಗಳಲ್ಲಿ ಕಾಲಿನ ಸದ್ದು ಸವೆದುಹೋಗಿದೆ. ಒಂದು ಕಿಟಕಿ ಇಟ್ಟುಕೊಂಡು ಯೋಚಿಸು. ಆ ‘ಕಿರ್’ ಅನ್ನುವುದಂತೂ ಬೇಡ, ನಗು ಬರಬಹುದು.

ಸ್ಟೋರ್ ರೂಮಿನಲ್ಲಿ ಈಗ ಕಾಲಿಡಲು ಜಾಗವಿಲ್ಲ. ನಿಮ್ಮಪ್ಪ ಲಿಫ್ಟಿನ ಹಳೇ ಮೋಟಾರುಗಳನ್ನೆಲ್ಲ ತಂದು ತುಂಬಿದ್ದಾರೆ. ಲಿಫ್ಟ್ ಮೆಕ್ಯಾನಿಕ್ಕಿನ ಮನೆ ನೆಲಮಹಡಿಯಲ್ಲಿದ್ದರೆ ಹೀಗೇ. ಹಾಸ್ಟೆಲಿನಲ್ಲೇ ಯಾವುದಾದರೂ ಕೋಣೆ ಸಿಗುವುದಿಲ್ಲವೇ? ಟ್ರೇಲರಿನ ವಿಷಯ ಹೇಳಿದರೆ ಅಪ್ಪ ಕೇಳಿದ್ದು ಇಷ್ಟು: “ದೆವ್ವದ ಪಾತ್ರಕ್ಕೆ ಹೊಸಬರೋ, ಅನುಭವ ಇದ್ದೋರೋ?”

ಸರಿಯಾಗಿ ಊಟ ಮಾಡು.

ಅಮ್ಮ


ಹಾಸ್ಟೆಲ್
ಜುಲೈ ೨೪

ಅಮ್ಮಾ,

ಶಬ್ದಕ್ಕೆ ಸಂಬಂಧಿಸಿದ ಹನ್ನೊಂದೂ ತಪ್ಪು ಒಪ್ಪಿಕೊಂಡೆ. ಕಿಟಕಿ ಬೇಡ. ಮೇಡಂಗೆ ‘ಕಿರ್’ ತುಂಬ ಇಷ್ಟವಾಗಿದೆ. ಅವರಿಗೆ ನಗು ಬರಲಿಲ್ಲ.

ಆರನೇ ಹಾಳೆಯಲ್ಲಿ ನಾನು ಬಾಗಿಲಿನ ಚಿತ್ರ ಬರೆದಿದ್ದೆನಲ್ಲ, ಚಿಲಕ ಒಳಗಡೆ ಹಾಕಿದ್ದೆ. ಮಗು ಹೆದರಿ ತಾನೇ ಒಳಗೆ ಸೇರಿ ಚಿಲಕ ಹಾಕಿಕೊಂಡಿದೆ ಅನ್ನುವುದು ನನ್ನ ಕಥೆ. ನೀನು ಅದಕ್ಕೆ ಬಾಣ ಎಳೆದು ಬದಿಯಲ್ಲಿ ಬರೆದಿದ್ದೀಯ: ‘ಚಿಲಕ ಹೊರಗಿತ್ತು.’

ಏಣಿ ನೋಡಿ ಕುಣಿದಳು. ಒಳಗಿದ್ದರೆ ಮಗು ಅಡಗಿಕೊಂಡಿದೆ, ಹೊರಗಿದ್ದರೆ ಯಾರೋ ಕೂಡಿ ಹಾಕಿದ್ದಾರೆ, ನಿಮ್ಮಮ್ಮ ಒಂದೇ ಪದದಲ್ಲಿ ಕಥೆಯನ್ನೇ ತಿರುಗಿಸಿದರು ಅಂದಳು. ಆದರೆ ಕಿವಿ ಹಾಳೆಯನ್ನು ತುಂಬ ಹೊತ್ತು ನೋಡಿ, “ಇತ್ತು ಅಂತ ಯಾಕೆ ಬರೆದಿದ್ದಾರೆ? ಇದೆ ಅಂತ ಬರೀಬೇಕಲ್ವಾ?” ಅಂದಳು.

ನಿಯಮ ನಿನಗೆ ಬರೆದಿದ್ದೆ. ಉಳಿದ ಎಂಟು ಹಾಳೆಯಲ್ಲಿ ನಾನು ತಪ್ಪಿ ‘ನಿಂತಿತು’ ಅಂದಿದ್ದನ್ನೆಲ್ಲ ನೀನೇ ‘ನಿಲ್ಲುತ್ತದೆ’ ಮಾಡಿದ್ದೀಯ. ನಮ್ಮ ಸ್ಟೋರ್ ರೂಮಿನ ಬಾಗಿಲು ನೆನೆದು ಬರೆದೆ ಅನ್ನಬೇಡ. ಅದರ ಚಿಲಕ ಇವತ್ತಿಗೂ ಹೊರಗೇ ಇದೆ. ಇದೆ, ಅಮ್ಮ. ಹಾಗಿರುವಾಗ ‘ಇತ್ತು’ ಯಾಕೆ?

ಕೊಂಬು


ಮನೆ
ಜುಲೈ ೩೦

ಕೊಂಬು,

ಕೈತಪ್ಪು. ಪಠ್ಯಪುಸ್ತಕಗಳ ಕೆಲಸ ತಲೆಯ ಮೇಲಿದೆ, ದಿನಕ್ಕೆ ಎಂಬತ್ತು ಪುಟ ನೋಡುತ್ತಿದ್ದೇನೆ. ಅದನ್ನು ‘ಇದೆ’ ಎಂದು ಮಾಡಿಕೋ. ಅಥವಾ ನಿನ್ನ ಚಿತ್ರವೇ ಸರಿ, ಒಳಗೇ ಇರಲಿ. ಕಥೆ ನಿನ್ನದು.

ಸ್ಟೋರ್ ರೂಮು ಬೇಡ.

ಅಮ್ಮ


ಹಾಸ್ಟೆಲ್
ಆಗಸ್ಟ್ ೯

ಅಮ್ಮಾ,

ನಿನ್ನ ಕೈ ತಪ್ಪಿದ್ದನ್ನು ನಾನು ನೋಡಿಲ್ಲ. ಬಸ್ಸಿನ ಟಿಕೆಟ್ಟಿನಲ್ಲಿ ತಪ್ಪಿದ್ದರೂ ಪೆನ್ಸಿಲ್ ತೆಗೆಯುವವಳು ನೀನು.

ನಿನ್ನೆ ಹಾಸ್ಟೆಲಿನ ಸಾಮಾನು ಕೋಣೆಯಲ್ಲಿ ಪ್ರಯೋಗಕ್ಕೆ ಒಂದು ಶಾಟ್ ತೆಗೆದೆವು. ಕ್ಯಾಮೆರಾ ನಾನೇ ಹಿಡಿಯುತ್ತೇನೆ ಅಂತ ಕೆನ್ನೆಯನ್ನು ನೆಲಕ್ಕೆ ಒತ್ತಿ ಮಲಗಿದೆ. ಏಣಿ ಹೊರಗೆ ನಡೆದು ಬಂದು ನಿಂತಳು. ನನಗೆ ಬಣ್ಣದ ವಾಸನೆ ಬಂತು. ಹೊಸ ಪೇಂಟಿನ ವಾಸನೆ. ಎದ್ದು ಕೇಳಿದರೆ, ಆ ಕೋಣೆಗೆ ಬಣ್ಣ ಹಚ್ಚಿ ಏಳು ವರ್ಷವಾಯಿತಂತೆ. ಕಿವಿ ನೀರು ತಂದು ಕೊಟ್ಟಳು. ಒಂದೇ ಗುಟುಕಿಗೆ ಕುಡಿದೆ. ನಿರ್ದೇಶಕಿಯೇ ಹೆದರಿದರೆ ಟ್ರೇಲರ್ ಗೆದ್ದ ಹಾಗೆ ಅಂತ ತಮಾಷೆ ಮಾಡಿದರು. ನಾನೂ ನಕ್ಕೆ.

ಆಮೇಲೆ ಯೋಚಿಸಿದೆ. ನಾನು ಈ ಕಥೆಯನ್ನು ಕಟ್ಟಿಲ್ಲ, ನೆನಪು ಮಾಡಿಕೊಂಡಿದ್ದೇನೆ. ಹೌದೋ ಅಲ್ಲವೋ ಹೇಳು. ಆ ಕೋಣೆಯಲ್ಲಿ ನಾನು ಇದ್ದೆನಾ?

ಫೋನಿನಲ್ಲಿ ಕೇಳುವುದಿಲ್ಲ. ನೀನು ‘ಹಾಂ’ ಅಂದುಬಿಟ್ಟರೆ ಅದು ಯಾವ ‘ಹಾಂ’ ಅಂತ ನನಗೆ ತಿಳಿಯುವುದಿಲ್ಲ.

ಕೊಂಬು


ಮನೆ
ಆಗಸ್ಟ್ ೨೧

ಪ್ರೀತಿಯ ಕೊಂಬು,

ಇದ್ದೆ.

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ನನ್ನ ಪರವಾಗಿ ವಾದಿಸುವ ವಾಕ್ಯಗಳೇ ಮೊದಲು ಬರುತ್ತಿದ್ದವು.

ನಿನಗೆ ನಾಲ್ಕೂವರೆ ವರ್ಷ, ನನಗೆ ಇಪ್ಪತ್ತಾರು. ಪ್ರೆಸ್ಸಿಗೆ ಸೇರಿ ಮೂರು ತಿಂಗಳಾಗಿತ್ತು. ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದವಳಿಗೆ ಕಾಗುಣಿತ ಎಲ್ಲಿ ಬರುತ್ತದೆ ಎಂದು ಹಿರಿಯರು ನನ್ನ ಎದುರಿಗೇ ಆಡಿಕೊಳ್ಳುತ್ತಿದ್ದರು. ಕೆಲಸ ಕಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನವಾಗುವ ವಾರ ಅದು. ಆ ದಿನ ಒಂದು ಶಾಲಾ ಪುಸ್ತಕದ ಕೊನೆಯ ಕರಡು ಮಧ್ಯಾಹ್ನದೊಳಗೆ ಯಂತ್ರಕ್ಕೆ ಹೋಗಬೇಕಿತ್ತು. ನಿನ್ನನ್ನು ನೋಡಿಕೊಳ್ಳುತ್ತಿದ್ದ ಮೇಲಿನ ಮನೆಯ ಆಂಟಿ ಬೆಳಿಗ್ಗೆ ಏಳಕ್ಕೆ ತಂಗಿಯ ಆಸ್ಪತ್ರೆಗೆ ಹೊರಟುಹೋದರು. ಅಪ್ಪ ಬೇರೆ ಊರಿನಲ್ಲಿ ಲಿಫ್ಟ್ ಕೂರಿಸುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು.

ಅಡುಗೆಮನೆಯಲ್ಲಿ ಗ್ಯಾಸು. ಮಲಗುವ ಕೋಣೆಯಲ್ಲಿ ನೀನು ಹತ್ತಿ ಇಳಿಯುತ್ತಿದ್ದ ಕಿಟಕಿ. ಏನೂ ಅಪಾಯವಿಲ್ಲದ್ದು ಸ್ಟೋರ್ ರೂಮು ಒಂದೇ. ಹಾಸಿಗೆ ಹಾಸಿದೆ, ನೀರು, ಬಿಸ್ಕತ್ತು, ಬಣ್ಣದ ಪೆನ್ಸಿಲ್ ಇಟ್ಟೆ, ದೀಪ ಹಾಕಿದೆ. ಒಂದು ಗಂಟೆಗೆ ಬರುತ್ತೇನೆ ಎಂದೆ. ನೀನು ತಲೆ ಆಡಿಸಿದೆ. ಒಂಬತ್ತಕ್ಕೆ ಚಿಲಕ ಹಾಕಿದೆ.

ಬಂದದ್ದು ಐದೂವರೆಗೆ. ಬಲ್ಬು ಸುಟ್ಟುಹೋಗಿತ್ತು, ಯಾವಾಗಲೋ. ನೀನು ಬಾಗಿಲಿಗೆ ಒತ್ತಿಕೊಂಡು ನಿದ್ದೆ ಹೋಗಿದ್ದೆ. ಬಾಗಿಲ ಒಳಮೈಯಲ್ಲಿ ನಿನ್ನ ಪೆನ್ಸಿಲಿನ ಗೀರುಗಳಿದ್ದವು. ಮಾರನೇ ದಿನ ನಾನೇ ಬಣ್ಣ ಹಚ್ಚಿದೆ. ನಿನ್ನ ಮೂಗಿಗೆ ಬಂದದ್ದು ಅದೇ ವಾಸನೆ. ಅಪ್ಪನಿಗೆ ಬಾಗಿಲು ಹಳತಾಗಿತ್ತು ಎಂದೆ. ಕೆಲಸ ಕಾಯಂ ಆಯಿತು.

ನಡುವೆ ಯಾರೂ ಬರಲಿಲ್ಲ. ಆ ಕಾಲುಗಳು ನಿನ್ನ ಕಲ್ಪನೆ. ಇಷ್ಟಾದರೂ ನಿನಗೆ ನೆಮ್ಮದಿ ಕೊಡಲಿ ಎಂದು ಹೇಳುತ್ತಿದ್ದೇನೆ.

ಅಮ್ಮ


ಹಾಸ್ಟೆಲ್
ಆಗಸ್ಟ್ ೨೯

ಅಮ್ಮ,

ನೀನು ಕೂಡಿ ಹಾಕಿ ಹೋದದ್ದು ನನಗೆ ಅರ್ಥವಾಗುತ್ತೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಎರಡು ದಿನ ಸಿಟ್ಟು ಬಂತು, ಹೋಯಿತು.

ಕಾಲುಗಳು ಕಲ್ಪನೆ ಅಲ್ಲ.

ಬೆಳಕಿನ ಗೆರೆಯಲ್ಲಿ ಬಂದವು. ಒಂದು ಕಾಲಿಗೆ ಸದ್ದಿಲ್ಲ, ಇನ್ನೊಂದಕ್ಕೆ ‘ಕಿರ್’. ಬಾಗಿಲ ಆಚೆ ನಿಂತವು. ನನಗೆ ಇಪ್ಪತ್ತರವರೆಗೆ ಎಣಿಸಲು ಬರುತ್ತಿತ್ತು. ಎಣಿಸಿದೆ. ಮತ್ತೆ ಮೊದಲಿನಿಂದ ಎಣಿಸಿದೆ. ಆಮೇಲೆ ‘ಅಮ್ಮ’ ಅಂದೆ, ಜೋರಾಗಿ ಅಲ್ಲ. ಕಾಲುಗಳು ಹೋದವು.

ಅದನ್ನು ನಾನು ದೆವ್ವ ಅಂತ ಯಾಕೆ ಅಂದುಕೊಂಡೆ ಗೊತ್ತಾ? ಅಮ್ಮ ಆಗಿದ್ದರೆ ತೆಗೀತಿದ್ದಳು.

ಹದಿನಾರು ವರ್ಷದಿಂದ ನನ್ನ ತಲೆಯಲ್ಲಿ ಒಂದು ದೆವ್ವ ಇದೆ. ಅದು ದೆವ್ವ ಅಲ್ಲದಿದ್ದರೆ ಯಾರು ಅಂತ ನೀನು ಹೇಳಬೇಕು. ಇಲ್ಲವೇ ದೆವ್ವವೇ ಅಂತ ಬರೆದು ಸಹಿ ಮಾಡು. ನಾನು ನಂಬುತ್ತೇನೆ. ಇನ್ನೊಂದು ಸಲ ಕೇಳುವುದಿಲ್ಲ.

ಇಂತಿ,
ನಿಮ್ಮ ಮಗಳು


ಮನೆ
ಸೆಪ್ಟೆಂಬರ್ ೧೧

ಕೊಂಬು,

‘ನಿಮ್ಮ ಮಗಳು’ ಎಂದು ಬರೆದಿದ್ದೀಯ. ಸರಿ.

ನಡೆದದ್ದನ್ನು ನಡೆದದ್ದೆಂದು ಬರೆಯಲು ಹೋದರೆ ನಾನು ತಪ್ಪಿಸಿಕೊಳ್ಳುತ್ತೇನೆ. ಹೋದ ಪತ್ರದಲ್ಲಿ ತಪ್ಪಿಸಿಕೊಂಡೆ. ಅದಕ್ಕೆ ನಿಮ್ಮ ಮೇಡಂ ನಿಯಮದಂತೆ ಬರೆಯುತ್ತೇನೆ.

ಮನೆಯ ಒಳಗೆ. ಹಗಲು. ಒಂದು ಗಂಟೆ ಹತ್ತು ನಿಮಿಷ.

ಇಪ್ಪತ್ತಾರು ವರ್ಷದ ಹೆಂಗಸು ಬೀಗ ತೆಗೆದು ಒಳಗೆ ಬರುತ್ತಾಳೆ. ಊಟದ ಬಿಡುವಿನಲ್ಲಿ ಓಡಿ ಬಂದಿದ್ದಾಳೆ. ದಾರಿಯಲ್ಲಿ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತಿದೆ, ಪಿನ್ನು ಚುಚ್ಚಿದ್ದಾಳೆ. ಪಿನ್ನಿನ ತುದಿ ನೆಲಕ್ಕೆ ಉಜ್ಜುತ್ತದೆ. ಚಪ್ಪಲಿ ಬಿಡದೆ ಒಳಗೆ ನಡೆಯುತ್ತಾಳೆ. ಬಿಡುವಷ್ಟು ಹೊತ್ತು ತಾನು ಇರುವುದಿಲ್ಲ ಎಂದು ಅವಳಿಗೆ ಆಗಲೇ ಗೊತ್ತು. (ಇದು ನನಗೆ ಗೊತ್ತಾದದ್ದು ಈಗ, ಬರೆಯುವಾಗ.)

ಸ್ಟೋರ್ ರೂಮಿನ ಮುಂದೆ ನಿಲ್ಲುತ್ತಾಳೆ. ಕೈ ಚಿಲಕದ ಮೇಲಿದೆ. ಕರಡು ಇನ್ನೂ ಮುಗಿದಿಲ್ಲ. ಇಪ್ಪತ್ತೆರಡು ಪುಟ ಬಾಕಿ. ತೆಗೆದರೆ ಮಗು ಅಳುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ, ಮತ್ತೆ ಒಳಗೆ ಬಿಡಲು ಅವಳಿಂದ ಆಗುವುದಿಲ್ಲ. ಒಳಗೆ ಮಗು ಎಣಿಸುತ್ತಿದೆ. ಹದಿನಾಲ್ಕಾದ ಮೇಲೆ ಹದಿನಾರು ಅನ್ನುತ್ತದೆ. ಅವಳ ತುಟಿ ಸದ್ದಿಲ್ಲದೆ ‘ಹದಿನೈದು’ ಅನ್ನುತ್ತದೆ. ಎಣಿಸುತ್ತಿದೆ, ಆಡಿಕೊಂಡಿದೆ, ಚೆನ್ನಾಗಿಯೇ ಇದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ಮಗು ‘ಅಮ್ಮ’ ಅನ್ನುತ್ತದೆ.

ಅವಳಿಗೆ ಕೇಳಿಸುತ್ತದೆ.

ಹೋಗುತ್ತಾಳೆ.

ನಿನಗೆ ಆ ಚಪ್ಪಲಿಯ ಸದ್ದು ಕೇಳಿಸಿರಲಿಲ್ಲ, ನಾನು ಬಂದದ್ದು ತಿಳಿಯಲೇ ಇಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ನಿನ್ನ ಮೊದಲ ಹಾಳೆಯಲ್ಲಿ ‘ಕಿರ್’ ಎಂದು ಓದಿದಾಗ ನನ್ನ ಪೆನ್ಸಿಲಿನ ಮೊನೆ ಮುರಿಯಿತು.

ಮೊನ್ನೆ ಅಪ್ಪನಿಗೂ ಎಲ್ಲ ಹೇಳಿದೆ. ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದೆಯಾ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಎದ್ದು ಹೋಗಿ ಸ್ಕ್ರೂಡ್ರೈವರ್ ತಂದು ಆ ಬಾಗಿಲಿನ ಚಿಲಕ ಬಿಚ್ಚಿದರು. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಬಾಗಿಲಿನಲ್ಲಿ ನಾಲ್ಕು ತೂತು ಉಳಿದಿವೆ.

ಅಮ್ಮ


ಹಾಸ್ಟೆಲ್
ಸೆಪ್ಟೆಂಬರ್ ೧೬

ಅಮ್ಮ,

ನಾವು ಮೂವರೂ ಇಪ್ಪತ್ತನೇ ತಾರೀಖು ಬೆಳಿಗ್ಗೆ ಬರುತ್ತೇವೆ. ಮಧ್ಯಾಹ್ನದ ಬಿಸಿಲು ನಡುಮನೆಗೆ ಬೀಳುವ ಹೊತ್ತಿಗೆ ಶೂಟ್. ಮೋಟಾರುಗಳನ್ನು ವರಾಂಡಕ್ಕೆ ಹಾಕಲಿ. ಚಿಲಕವನ್ನು ಅಪ್ಪ ಮತ್ತೆ ಅದೇ ತೂತುಗಳಿಗೆ ಕೂರಿಸಬೇಕು, ಒಂದು ದಿನದ ಮಟ್ಟಿಗೆ. ನಾನು ಕೇಳಿದೆ ಅಂತ ಹೇಳು.

ಕಾಲುಗಳು ನಿನ್ನವೇ ಬೇಕು. ಎಡ ಚಪ್ಪಲಿಗೆ ಪಿನ್ನು ಹಾಕಿಟ್ಟಿರು.

ಇದು ಶಿಕ್ಷೆಯಾ ಅಂತ ಕಿವಿ ಕೇಳಿದಳು. ಏನು ಹೇಳಲಿ, ನನಗೂ ಗೊತ್ತಿಲ್ಲ. ಬೇರೆ ಯಾರು ನಡೆದರೂ ಆ ಸದ್ದು ಬರುತ್ತಿಲ್ಲ, ಅಷ್ಟು ನಿಜ.

ಮಗಳು


ಮನೆ
ಸೆಪ್ಟೆಂಬರ್ ೨೪

ಪ್ರೀತಿಯ ಕೊಂಬು,

ನೀವು ಮೂವರೂ ಬಸ್ಸು ಹತ್ತಿದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಏಣಿ ಮರೆತುಹೋದ ಟೇಪು ವರಾಂಡದಲ್ಲಿ ಸಿಕ್ಕಿತು, ಇದರ ಜೊತೆ ಇಟ್ಟಿದ್ದೇನೆ.

ಶಾಟ್ ಹಾಳು ಮಾಡಿದ್ದಕ್ಕೆ ನಿನ್ನ ಸ್ನೇಹಿತೆಯರ ಕ್ಷಮೆ ಕೇಳಬೇಕು. ಒಂದು, ಎರಡು, ಮೂರು ಟೇಕಿನಲ್ಲಿ ನೀನು ಹೇಳಿದಂತೆಯೇ ಮಾಡಿದೆನಲ್ಲ. ನಡೆದು ಬಂದೆ, ನಿಂತೆ. ನೀನು ಒಳಗಿನಿಂದ ಇಪ್ಪತ್ತು ಎಣಿಸುವವರೆಗೆ ಕಾದೆ, ಹೋದೆ. ಮೂರನೆಯದು ಮುಗಿದಾಗ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಗ ನನ್ನ ಕೈಗೆ ನೀರಿನ ಲೋಟ ಕೊಟ್ಟರು. ಹತ್ತು ದಿನದಲ್ಲಿ ಅವರು ನನಗೆ ಕೊಟ್ಟ ಮೊದಲ ವಸ್ತು ಅದು.

ನಾಲ್ಕನೆಯದರಲ್ಲಿ ನೀನು ಹದಿನಾಲ್ಕು ಎಂದೆ, ಹದಿನಾರು ಎಂದೆ.

“ಹದಿನೈದು” ಎಂದದ್ದು ಬಾಯಿಂದ ಹೊರಗೇ ಬಂತು. ಏಣಿ ಕೈ ಬೀಸಿ ಹೋಗಿ, ಹೋಗಿ ಎನ್ನುತ್ತಿದ್ದಳು. ನಾನು ಚಿಲಕ ಎಳೆದೆ. ನೀನು ಕೆನ್ನೆಯನ್ನು ನೆಲಕ್ಕೆ ಒತ್ತಿ ಮಲಗಿದ್ದೆ, ಕ್ಯಾಮೆರಾ ಇನ್ನೂ ಓಡುತ್ತಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದೆ. ಆಮೇಲೆ ‘ಕಟ್’ ಎಂದೆ.

ನೀನು ಬೇಕೆಂದೇ ಹದಿನೈದು ಬಿಟ್ಟೆಯಾ? ಇದನ್ನು ಕೇಳುವ ಹಕ್ಕು ನನಗಿದೆಯೋ ಇಲ್ಲವೋ, ಕೇಳಿದ್ದೇನೆ.

ನೀವು ಹೋದ ಸಂಜೆ ಅಪ್ಪ ಮತ್ತೆ ಚಿಲಕ ಬಿಚ್ಚಿದರು. ಡಬ್ಬಿಗೆ ಹಾಕುತ್ತಾರೆ ಅಂದುಕೊಂಡೆ. ಹೊಸದಾಗಿ ನಾಲ್ಕು ತೂತು ಕೊರೆದು ಬಾಗಿಲ ಒಳಗಡೆ ಕೂರಿಸಿದರು. ಆ ಕೋಣೆಗೆ ಒಳಗಡೆ ಚಿಲಕ ಯಾಕೆ ಎಂದೆ. “ಒಳಗಿರೋರ ಇಷ್ಟ,” ಎಂದರು. ಇಷ್ಟು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು.

ಅಮ್ಮ


ಹಾಸ್ಟೆಲ್
ಅಕ್ಟೋಬರ್ ೩

ಅಮ್ಮಾ,

ಟ್ರೇಲರನ್ನು ಮೊನ್ನೆ ತರಗತಿಯಲ್ಲಿ ತೋರಿಸಿದೆವು. ಮೂರನೇ ಟೇಕ್ ಹಾಕಿದ್ದೇನೆ, ನೀನು ಹೋಗುವುದು. ಮುಗಿದ ಮೇಲೆ ದೀಪ ಹಾಕಿದರು. ಹಿಂದಿನ ಬೆಂಚಿನಲ್ಲಿ ಒಬ್ಬಳು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಆ ಕಾಲು ಯಾರದು? ಹೋಗೋಕೆ ಇಷ್ಟ ಇಲ್ಲದೆ ಹೋಗ್ತಿದೆ. ಇದನ್ನು ಹೇಳಿಕೊಡೋಕೆ ಆಗಲ್ಲ.” ನಮ್ಮಮ್ಮನದು ಅಂದೆ. ಹೊಸಬರಾ ಅಂದರು. ಅನುಭವ ಇದೆ ಅಂದೆ. ಅಪ್ಪನಿಗೆ ಹೇಳು.

ನಾಲ್ಕನೇ ಟೇಕ್ ಟ್ರೇಲರಿನಲ್ಲಿಲ್ಲ. ಅಳಿಸಿಯೂ ಇಲ್ಲ. ರಾತ್ರಿ, ಹಗಲು, ಎಷ್ಟು ಸಲ ನೋಡಿದೆನೋ. ಗೆರೆಯಷ್ಟು ಬೆಳಕು ಇದ್ದದ್ದು ಒಂದೇ ಸಲಕ್ಕೆ ಅಗಲವಾಗುತ್ತೆ, ಪಿನ್ನು ಹಾಕಿದ ಚಪ್ಪಲಿ, ಸೀರೆಯ ಅಂಚು, ಆಮೇಲೆ ಫೋಕಸ್ಸಿಲ್ಲದ ನಿನ್ನ ಮುಖ. ತಾಂತ್ರಿಕವಾಗಿ ಕೆಟ್ಟ ಶಾಟ್. ಏಣಿ ಇಟ್ಟುಕೋ ಅಂದಳು. ಟ್ರೇಲರಿನಲ್ಲಿ ಬಾಗಿಲು ತೆಗೆಯಬಾರದು, ಅದು ಸಿನಿಮಾದಲ್ಲಿ ಬರಬೇಕಾದದ್ದು. ಸಿನಿಮಾ ಇನ್ನೂ ಬರೆದಿಲ್ಲ. ನನಗೆ ಪೂರ್ತಿ ಸಿಟ್ಟು ಹೋಗಿದೆ ಅಂತಲೂ ಅಂದುಕೊಳ್ಳಬೇಡ. ಹೋದಾಗ ಹೇಳುತ್ತೇನೆ.

ಹದಿನೈದರ ವಿಷಯ. ಬಾಯಿತಪ್ಪು ಅಂದುಕೋ. ನಿನಗೊಂದು ಕೈತಪ್ಪು, ನನಗೊಂದು ಬಾಯಿತಪ್ಪು.

ಒಂಬತ್ತು ಹಾಳೆಗಳನ್ನೂ ಹೊಲಿದು ಮೇಡಂಗೆ ಕೊಡಬೇಕಿತ್ತು. ನಿನ್ನ ತಿದ್ದುಪಡಿಗಳನ್ನೆಲ್ಲ ನೀಟಾಗಿ ಮಸಿಯಲ್ಲಿ ಬರೆದು ಪೆನ್ಸಿಲ್ ಅಳಿಸಿದೆ. ಆರನೇ ಹಾಳೆಗೆ ಬಂದಾಗ ‘ಇತ್ತು’ ಅನ್ನು ‘ಇದೆ’ ಮಾಡಲು ರಬ್ಬರ್ ಎತ್ತಿಕೊಂಡೆ. ಆಗ ನಿನ್ನ ಪತ್ರ ನೆನಪಾಯಿತು, ಅಪ್ಪ ಒಳಗಡೆ ಕೊರೆದ ನಾಲ್ಕು ತೂತು ನೆನಪಾಯಿತು.

ರಬ್ಬರ್ ಕೆಳಗಿಟ್ಟೆ. ಚಿಲಕ ಹೊರಗಿತ್ತು. ಈಗ ಆ ವಾಕ್ಯದಲ್ಲಿ ತಪ್ಪಿಲ್ಲ.

ನಿನ್ನ
ಕೊಂಬು